ಟರ್ಕಿ ಬೇಟೆಯಲ್ಲಿ ಕೇಳಿದ ದನಿ

ಯಾರೂ ಇಲ್ಲದ ಕಡೆ ದನಿ ಕೇಳಿತು ಎನ್ನುವವರನ್ನು ಕಂಡರೆ ನಾನು ನಗುತ್ತಿದ್ದವನು. ಲಂಡನ್ನಿನ ಇಲ್ಫರ್ಡಿನಲ್ಲಿರುವ ನಮ್ಮ ಮನೆಗೆ ಬರುತ್ತಿದ್ದ ಕನ್ನಡದವರಲ್ಲಿ ಯಾರಾದರೂ ಊಟ ಮುಗಿದ ಮೇಲೆ ಅಂಥ ಕಥೆ ತೆಗೆದರೆ, ಕಿವಿಯಲ್ಲಿ ಗುಗ್ಗೆ ಸೇರಿರಬೇಕು, ಜಿಪಿ ಡಾಕ್ಟರಿಗೆ ತೋರಿಸಿ ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ನನಗೆ ಎಪ್ಪತ್ತು ದಾಟಿದೆ. ನಾನು ಹೇಳಹೊರಟಿರುವುದನ್ನು ನೀವು ನಂಬಲೇಬೇಕು ಎಂದು ಒತ್ತಾಯಿಸುವುದಿಲ್ಲ. ಆದರೆ ಇದರೊಳಗೆ ನನ್ನದೊಂದು ತಪ್ಪಿದೆ. ದನಿಯನ್ನು ನಂಬದಿದ್ದರೂ ಆ ತಪ್ಪನ್ನು ನಂಬಿ.

ನಾನು ಓದಿದ್ದು ಎಸ್‌ಎಸ್‌ಎಲ್‌ಸಿವರೆಗೆ. ಹೆಂಡತಿ ಲಲಿತಾ ನರ್ಸ್. ಅವಳಿಗೆ ಲಂಡನ್ನಿನಲ್ಲಿ ಕೆಲಸ ಸಿಕ್ಕಿತು, ನಾನು ಅವಳ ಹಿಂದೆ ಬಂದು ಒಂದು ಆಸ್ಪತ್ರೆಯ ಅಡುಗೆಮನೆಗೆ ಸೇರಿಕೊಂಡೆ. ಅಲ್ಲಿಗೆ ಮೊಟ್ಟೆ ತಂದುಹಾಕುತ್ತಿದ್ದವನು ರಾನ್ ಎಂಬ ರೈತ. ಅಪ್‌ಮಿನ್‌ಸ್ಟರ್ ದಾಟಿದ ಮೇಲೆ, ಲಂಡನ್ ಇನ್ನೇನು ಮುಗಿಯಿತು ಎನ್ನುವ ಅಂಚಿನಲ್ಲಿ ಹೊಲಗಳಿವೆ. ಅಲ್ಲಿ ಅವನ ಫಾರ್ಮ್. ಕ್ರಿಸ್‌ಮಸ್ಸಿಗೆಂದು ಅವನು ಟರ್ಕಿ ಕೋಳಿಗಳನ್ನೂ ಸಾಕುತ್ತಿದ್ದ. ತೊಂಬತ್ತರ ದಶಕದ ಕೊನೆಯ ಒಂದು ವರ್ಷ, ಅವುಗಳಲ್ಲೊಂದು ಹುಂಜ ತಪ್ಪಿಸಿಕೊಂಡು ಫಾರ್ಮಿನ ಹಿಂದಿನ ಕುರುಚಲು ಕಾಡು ಸೇರಿತ್ತು. ಕಪ್ಪುಗಂದು ಮೈ, ಬೋಳು ತಲೆ, ಕತ್ತಿನ ಕೆಳಗೆ ಜೋಲುವ ಕೆಂಪು ಚರ್ಮ. ನಾಯಿಗೂ ಸಿಕ್ಕಲಿಲ್ಲ, ಬಲೆಗೂ ಸಿಕ್ಕಲಿಲ್ಲ. ಹೊಡೆದರೆ ನಿನಗೇ ಎಂದು ರಾನ್ ಒಂದು ದಿನ ಮೊಟ್ಟೆ ಇಳಿಸುತ್ತಾ ಹೇಳಿದ.

ಪಿರಿಯಾಪಟ್ಟಣದ ಕಡೆ ನಾನು ಚಿಕ್ಕವನಿದ್ದಾಗ ಬೇಟೆಗೆ ಹೋಗುವ ದೊಡ್ಡವರ ಹಿಂದೆ ಚೀಲ ಹೊತ್ತು ತಿರುಗಿದ್ದೆ. ಬಂದೂಕನ್ನು ಮಾತ್ರ ಯಾರೂ ಕೈಗೆ ಕೊಟ್ಟಿರಲಿಲ್ಲ. ಆ ಹಳೆಯ ಚಪಲ ಐವತ್ತರ ಹತ್ತಿರ ಬಂದಾಗ ಮತ್ತೆ ಕೆರಳಿತು. ಮಗಳು ಚೈತ್ರಾಗೆ ಆಗ ಹನ್ನೊಂದು ವರ್ಷ. ಸ್ಕೂಲಿನ ಗೆಳತಿಯರ ಮನೆಯಲ್ಲೆಲ್ಲ ಕ್ರಿಸ್‌ಮಸ್ ದಿನ ಟರ್ಕಿ ಮಾಡುತ್ತಾರೆ, ನಮ್ಮಲ್ಲಿ ಯಾಕಿಲ್ಲ ಎಂದು ಅವಳದು ಪ್ರತಿವರ್ಷದ ತಕರಾರು. ಅಂಗಡಿಯದು ಬೇಡ, ನಾವೇ ಹೊಡೆದು ತರೋಣ ಎಂದೆ. ಅವಳು ಕುಣಿದಾಡಿದಳು. ಲಲಿತಾಳಿಗೆ ಹೇಳಿದ್ದರೆ ಮಗುವಿನ ಕೈಗೆ ಬಂದೂಕೇ ಎಂದು ಮನೆಯನ್ನು ತಲೆಯ ಮೇಲೆ ಹೊರುತ್ತಿದ್ದಳು. ಅದಕ್ಕೆ ಶನಿವಾರ ಈಜು ಕಲಿಸಲು ಕರೆದುಕೊಂಡು ಹೋಗುತ್ತೇನೆ ಎಂದು ಸುಳ್ಳು ಹೇಳಿದೆ. ಟವೆಲು, ಈಜುಡುಗೆ ಎಲ್ಲ ಚೀಲದಲ್ಲಿಟ್ಟುಕೊಂಡು ಹೋಗುತ್ತಿದ್ದೆವು.

ಮೂರು ಶನಿವಾರ ರಾನ್ ನಮಗೆ ಪಾಠ ಮಾಡಿದ. ಅವನು ಹುಡುಗನಾಗಿದ್ದಾಗ ಬಳಸಿದ ಒಂಟಿನಳಿಗೆಯ ಸಣ್ಣ ಬಂದೂಕು ಅದು. ಹಿಂದೆ ಒಂದು ಕುದುರೆ, ಅಂದರೆ ತೋಟಾಕ್ಕೆ ಬಡಿಯುವ ಸುತ್ತಿಗೆಯಂಥ ತುಂಡು. ಅದನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಎಳೆದು ನಿಲ್ಲಿಸಿದ ಮೇಲೆಯೇ ಟ್ರಿಗರ್ ಒತ್ತಬೇಕು. ಹೊಡೆಯುವುದಿಲ್ಲ ಎಂದಾದರೆ ಕುದುರೆಯನ್ನು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಕೆಳಗಿಳಿಸಬೇಕು. ಹಕ್ಕಿಯನ್ನು ತಲೆಯಿಂದ ಕಾಲಿನವರೆಗೆ ಪೂರ್ತಿ ಕಾಣದೆ ಹೊಡೆಯಬಾರದು. ಬೇಲಿಯ ಮೇಲೆ ಡಬ್ಬಿಗಳನ್ನಿಟ್ಟು ಹೊಡೆದು ಕಲಿತೆವು. ಚೈತ್ರಾ ಎರಡನೆಯ ವಾರಕ್ಕೇ ಡಬ್ಬಿ ಉರುಳಿಸಿದಳು. ನನ್ನ ಒಂದು ಗುಂಡೂ ತಾಗಲಿಲ್ಲ. ಅಪ್ಪ ಹೊಡೆಯುವಾಗ ಎರಡೂ ಕಣ್ಣು ಮುಚ್ಚಿಕೊಳ್ಳುತ್ತಾರೆ ಎಂದು ಅವಳು ಇಂಗ್ಲಿಷಿನಲ್ಲಿ ರಾನ್‌ಗೆ ಹೇಳಿಬಿಟ್ಟಳು. ಹುಲಿಗಳಿರುವ ದೇಶದಿಂದ ಬಂದವನು ಕೋಳಿಗೆ ಇಷ್ಟು ಹೆದರುವುದೇ ಎಂದು ಅವನು ಛೇಡಿಸಿದ. ಇಬ್ಬರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ ಚುರುಕ್ಕೆಂದಿತು. ಆ ವಾರವೆಲ್ಲ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಲೂ ನನ್ನ ಬೆರಳು ಟ್ರಿಗರ್ ಎಳೆಯುತ್ತಿತ್ತು.

ನಾಲ್ಕನೆಯ ಶನಿವಾರ ನಾವು ಹೋದಾಗ ಮೂರು ಗಂಟೆ. ಡಿಸೆಂಬರಿನಲ್ಲಿ ಇಲ್ಲಿ ಮೂರೂವರೆಗೇ ಬೆಳಕು ಕುಂದತೊಡಗುತ್ತದೆ. ರಾನ್ ಬಂದೂಕಿಗೆ ತೋಟಾ ತುಂಬಿ ಚೈತ್ರಾ ಕೈಗೆ ಕೊಟ್ಟ. ಅಷ್ಟರಲ್ಲಿ ಟರ್ಕಿ ಕೊಳ್ಳಲು ಯಾರೋ ಬಂದರು. ನಾನು ಬರುವವರೆಗೆ ಇಲ್ಲೇ ನಿಲ್ಲಿ ಎಂದು ಹೇಳಿ ಅವನು ಕೊಟ್ಟಿಗೆಯ ಕಡೆ ಹೋದ. ಅವನು ಮರೆಯಾಗುತ್ತಿದ್ದಂತೆ ಕಾಡಿನೊಳಗೆ ಹುಂಜ ಕೂಗಿತು. ಬೆಳಕು ಹೋಗುತ್ತಿದೆ, ರಾನ್ ಬಾರನು. ನಾನು ಕಾಯಲಿಲ್ಲ. ಮಗಳ ತೋಳು ಹಿಡಿದು ಒಳಗೆ ನುಗ್ಗಿದೆ.

ಕಾರಿನ ಬಾಗಿಲು ಜೋರಾಗಿ ಹಾಕಿದರೂ ಸಾಕು, ಆ ಹಕ್ಕಿ ಮರುಗೂಗು ಕೊಡುತ್ತಿತ್ತು. ನಾನು ಎರಡೂ ಕೈ ಬಾಯಿಗಿಟ್ಟು ಅದರಂತೆಯೇ ಗುಳುಗುಳು ಸದ್ದು ಮಾಡಿದೆ. ಎದುರಿಗಿದ್ದ ಹಾಲಿ ಗಿಡಗಳ ಹಿಂದಿನಿಂದ ಉತ್ತರ ಬಂತು. ಮುಳ್ಳೆಲೆಯ, ಕೆಂಪು ಹಣ್ಣಿನ ಗಿಡಗಳವು. ಹತ್ತಿರ ಹೋಗಿ ಮಂಡಿಯೂರಿ ಕುಳಿತೆವು. ಸುಮಾರು ಇಪ್ಪತ್ತು ಹೆಜ್ಜೆ ಆಚೆ, ಎಲೆಗಳ ಸಂದಿಯಲ್ಲಿ, ಬಾಗಿದ ಕಂದು ಬೆನ್ನು ಕಂಡಿತು. ಕತ್ತಿನ ಬಳಿ ಕೆಂಪು. ಕಾಲು ಕಾಣಲಿಲ್ಲ. ಚೈತ್ರಾ ಬಂದೂಕು ಎತ್ತಿ ಕುದುರೆ ಎಳೆದಳು. ನಾನು ಅವಳ ಕಿವಿಯಲ್ಲಿ ಒಂದೇ ಮಾತು ಪಿಸುಗುಟ್ಟಿದೆ.

"ಬಿಡು."

ಅವಳು ಬಂದೂಕು ಕೆಳಗಿಳಿಸಿಬಿಟ್ಟಳು.

ನಮ್ಮ ಕಡೆಯ ಬೇಟೆಯಲ್ಲಿ ಬಿಡು ಎಂದರೆ ಈಡು ಬಿಡು, ಹೊಡಿ ಎಂದರ್ಥ. ಹಿರಿಯನೊಬ್ಬ ಅಷ್ಟೇ ಹೇಳುತ್ತಿದ್ದ, ಗುಂಡು ಹಾರುತ್ತಿತ್ತು. ಇಲ್ಫರ್ಡಿನಲ್ಲಿ ಹುಟ್ಟಿದ ಮಗಳಿಗೆ ಅದು ಹೇಗೆ ಗೊತ್ತಾಗಬೇಕು? ಕಪ್ಪು ಒಡೆದರೆ, ಲೆಕ್ಕ ತಪ್ಪಿದರೆ, ಬಸ್ಸು ಹೋಗಿಬಿಟ್ಟರೆ, ಹೋಗಲಿ ಬಿಡು ಎಂದೇ ನಾವು ಅವಳಿಗೆ ಹೇಳುತ್ತಿದ್ದದ್ದು. ಇದೆಲ್ಲ ನನಗೆ ಹೊಳೆದದ್ದು ಆಮೇಲೆ. ಆಗ ಮಾತ್ರ ಹುಡುಗಿ ಹೆದರಿದಳು, ಹಕ್ಕಿ ಕೈತಪ್ಪುತ್ತದೆ ಎಂದುಕೊಂಡೆ. ಬಂದೂಕು ಕಿತ್ತುಕೊಂಡು ನಾನೇ ಗುರಿಯಿಟ್ಟೆ.

ಆಗ ಕೇಳಿತು.

"ಬಿಡೋ."

ಕೂಗಿದ್ದಲ್ಲ. ಪಕ್ಕದಲ್ಲಿ ಕೂತ ವಯಸ್ಸಾದ ಗಂಡಸು ಸಣ್ಣಗೆ ಹೇಳಿದ ಹಾಗೆ. ಆದರೆ ಬಂದದ್ದು ಎದುರಿನಿಂದ, ಆ ಕಂದು ಬೆನ್ನಿನ ಕಡೆಯಿಂದ. ಯಾರ ದನಿ ಎಂದು ನನಗೆ ಗುರುತು ಸಿಕ್ಕಲಿಲ್ಲ, ಇವತ್ತಿಗೂ ಸಿಕ್ಕಿಲ್ಲ. ನಾನು ಯೋಚಿಸಲಿಲ್ಲ. ಟ್ರಿಗರ್ ಎಳೆದೆ.

ಟ್ರಿಗರ್ ಕಲ್ಲಿನಂತೆ ನಿಂತಿತ್ತು, ಗುಂಡು ಹಾರಲಿಲ್ಲ. ಮಗಳು ರಾನ್ ಕಲಿಸಿದಂತೆ ಕುದುರೆಯನ್ನು ಇಳಿಸಿಟ್ಟಿದ್ದಳು. ನಾನು ನೋಡಿರಲಿಲ್ಲ.

ಆ ಕಂದು ಬೆನ್ನು ನೆಟ್ಟಗಾಯಿತು. ರಾನ್‌ನ ತಾಯಿ. ಎಂಬತ್ತು ದಾಟಿದ ಮುದುಕಿ, ಕಂದು ಕೋಟು, ಕತ್ತಿಗೆ ಕೆಂಪು ಉಣ್ಣೆಯ ಮಫ್ಲರು. ಕ್ರಿಸ್‌ಮಸ್ಸಿಗೆ ಬಾಗಿಲಿಗೆ ಕಟ್ಟಲು ಹಾಲಿ ಕೊಂಬೆ ಕತ್ತರಿಸುತ್ತಿದ್ದಳು. ಕಿವಿ ಮಂದ, ಅವಳಿಗೆ ನಾವು ಇರುವುದೇ ಗೊತ್ತಿರಲಿಲ್ಲ. ಅಷ್ಟರಲ್ಲಿ ಹಿಂದೆ ರಾನ್‌ನ ಬೂಟಿನ ಸದ್ದು ಕೇಳಿತು.

ಈಗ ಹೇಳುವುದನ್ನು ಹೆಂಡತಿಗೂ ನಾನು ಹೇಳಿಲ್ಲ. ಆ ಸದ್ದು ಕೇಳಿದ ಕೂಡಲೇ ನಾನು ಬಂದೂಕನ್ನು ಮಗಳ ಕೈಗೆ ತುರುಕಿದೆ. ರಾನ್ ಬಂದಾಗ ನಳಿಗೆ ಅವನ ತಾಯಿಯ ಕಡೆಗಿತ್ತು, ಹಿಡಿದಿದ್ದವಳು ಚೈತ್ರಾ. ಮಗು, ಗೊತ್ತಾಗದೆ ಗುರಿಯಿಟ್ಟುಬಿಟ್ಟಿತು ಎಂದೆ. ಚೈತ್ರಾ ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ಮುದುಕಿಯ ಕಡೆ ತಿರುಗಿ ಸಾರಿ ಎಂದಳು. ಏನೂ ತಿಳಿಯದ ಆ ಮುದುಕಿ ಹಣ್ಣಿರುವ ಒಂದು ಕೊಂಬೆಯನ್ನು ಅವಳಿಗೆ ಕೊಟ್ಟಳು. ರಾನ್ ಬಂದೂಕು ಮಡಿಸಿ ತೋಟಾ ತೆಗೆದ. ಕುದುರೆ ಇಳಿಸಿದ್ದೀಯ, ಒಳ್ಳೆಯ ಹುಡುಗಿ ಎಂದು ಅವಳಿಗೆ ಹೇಳಿದ. ಬಂದೂಕನ್ನು ಹೆಗಲಿಗೇರಿಸಿ ತಾಯಿಯ ತೋಳು ಹಿಡಿದುಕೊಂಡ. ಹುಂಜ ಎಲ್ಲೋ ದೂರದ ಹಳ್ಳದಾಚೆ ಕೂಗುತ್ತಿತ್ತು.

ಮನೆಯಲ್ಲಿ ಲಲಿತಾ, ಟವೆಲು ಯಾಕೆ ಒದ್ದೆಯಾಗಿಲ್ಲ ಎಂದು ಕೇಳಿದಳು. ಈಜುಕೊಳ ಮುಚ್ಚಿತ್ತು ಎಂದು ಚೈತ್ರಾ ಹೇಳಿದಳು. ನನ್ನ ಸುಳ್ಳಿನ ಭಾರವನ್ನು ಆ ಮಗುವೂ ಹೊತ್ತಿತು. ಟರ್ಕಿಯ ಮಾತನ್ನು ಆಮೇಲೆ ಅವಳು ಎತ್ತಲೇ ಇಲ್ಲ.

ನನಗೆ ನಿದ್ದೆ ಹಾರಿತು. ನಾನೇ ಜಿಪಿಯ ಹತ್ತಿರ ಹೋಗಿ ಕಿವಿ ತೋರಿಸಿದೆ. ಕಿವಿ ಸ್ವಚ್ಛವಾಗಿದೆ ಎಂದರು. ಆ ದನಿ ನನ್ನ ತಲೆಯೊಳಗಿನದೇ, ಹಳೆಯ ಬೇಟೆಯ ನೆನಪು ಅಷ್ಟೆ ಎಂದು ಸಮಾಧಾನ ಮಾಡಿಕೊಂಡೆ. ಯಾರಿಗೂ ಹೇಳಲಿಲ್ಲ. ಕೆಲಸದಲ್ಲಿ ಯಾರಾದರೂ ಹಿಂದಿನಿಂದ ಮಾತಾಡಿಸಿದರೆ ಕೈಯಲ್ಲಿದ್ದದ್ದು ಬೀಳುತ್ತಿತ್ತು. ಮೊಟ್ಟೆ ತರುವವರು ಬದಲಾದರು. ರಾನ್ ಮತ್ತೆ ಕಾಣಲಿಲ್ಲ.

ಎಂಟೊಂಬತ್ತು ವರ್ಷ ಕಳೆಯಿತು. ಚೈತ್ರಾ ಕೆಲಸಕ್ಕೆ ಸೇರಿ ಲಂಡನ್ನಿನ ಇನ್ನೊಂದು ಅಂಚಿನ ಪಿನ್ನರಿನಲ್ಲಿ ಫ್ಲಾಟ್ ಹಿಡಿದಳು. ಒಂದು ಭಾನುವಾರ ಅಲ್ಲಿ ಪರದೆಯ ಕಂಬಿ ಕೂರಿಸುತ್ತಿದ್ದೆ. ಅವಳು ಸ್ಟೂಲು ಹಿಡಿದಿದ್ದಳು. ಮುಖ ನೋಡದೆ ಹೇಳಬಹುದು ಅನಿಸಿತು.

"ಚೈತ್ರಾ, ಅವತ್ತು ಬಂದೂಕು ಇದ್ದದ್ದು ನನ್ನ ಕೈಲಿ. ನಿನ್ನ ಮೇಲೆ ಹಾಕಿದೆ."

"ಗೊತ್ತು ಅಪ್ಪಾ. ನಾನು ಅಲ್ಲೇ ಇದ್ನಲ್ಲಾ."

"ನಿನಗೆ ಗೊತ್ತಿಲ್ಲದ್ದು ಇನ್ನೊಂದಿದೆ. ನಾನು ಟ್ರಿಗರ್ ಎಳೆದೆ."

ಸ್ಟೂಲು ಹಿಡಿದ ಕೈ ಸಡಿಲವಾದದ್ದು ನನಗೆ ತಿಳಿಯಿತು. ಆಮೇಲೆ ತನ್ನ ಅರ್ಧಂಬರ್ಧ ಕನ್ನಡದಲ್ಲಿ ಕೇಳಿದಳು.

"ಅವರು ಬಿಡೋ ಅಂದ ಮೇಲೂ?"

ನಾನು ಕೆಳಗಿಳಿದು ನೆಲದ ಮೇಲೆ ಕುಳಿತೆ. ಯಾರು ಅಂದದ್ದು ಎಂದು ಕೇಳಿದೆ. ಅವಳಿಗೆ ಆಶ್ಚರ್ಯ. ಮೊದಲು ನೀವು ಬಿಡು ಅಂದಿರಿ, ಆಮೇಲೆ ಯಾರೋ ಬಿಡೋ ಅಂದರು, ಹಿಂದಿನಿಂದ, ಯಾರೋ ತಾತ ಇರಬೇಕು ಅಂದುಕೊಂಡೆ ಎಂದಳು. ಬಿಡು ಮತ್ತು ಬಿಡೋ ನಡುವಿನ ವ್ಯತ್ಯಾಸ ಅವಳಿಗೆ ಗೊತ್ತಿಲ್ಲ. ಹೆಣ್ಣುಮಗಳಿಗೆ ಯಾರೂ ಬಿಡೋ ಎನ್ನುವುದಿಲ್ಲ. ಲಲಿತಾ ನನಗೆ ಬಿಡ್ರೀ ಎನ್ನುತ್ತಾಳೆ. ನನ್ನನ್ನು ಹಾಗೆ ಏಕವಚನದಲ್ಲಿ ಕರೆಯುವವರು ಈ ದೇಶದಲ್ಲಿ ಒಬ್ಬರೂ ಇರಲಿಲ್ಲ. ಆ ಮಾತು ನನಗೇ ಹೇಳಿದ್ದು. ಅವಳೂ ಕೇಳಿದ್ದಳು, ನನಗೆ ಎದುರಿನಿಂದ ಬಂದದ್ದು ಅವಳಿಗೆ ಹಿಂದಿನಿಂದ.

ಅದನ್ನು ಹೇಳಿದವರು ಯಾರು ಎಂದು ತಲೆ ಕೆಡಿಸಿಕೊಳ್ಳುವುದನ್ನು ನಾನು ನಿಲ್ಲಿಸಿದ್ದೇನೆ. ಕಾಡುವುದು ಬೇರೆ. ಒಂದೇ ಮಾತನ್ನು ನಾವಿಬ್ಬರೂ ಕೇಳಿದೆವು. ಬೇಡ, ಕೈಬಿಡು ಎಂದು ತನ್ನ ಅಪ್ಪನನ್ನು ಯಾರೋ ತಡೆದರು ಎಂದು ಮಗಳು ಇಷ್ಟು ವರ್ಷ ನಂಬಿದ್ದಳು. ನಾನು ಅದನ್ನು ಹೊಡಿ ಎಂದು ಕೇಳಿಸಿಕೊಂಡೆ, ಟ್ರಿಗರ್ ಎಳೆದೆ. ಹೇಳಿದವರ ಮನಸ್ಸಿನಲ್ಲಿ ಇದ್ದದ್ದು ಯಾವುದು? ಬಿಡೋ ಅಂದ ಮೇಲೂ ಎಂದು ಅವಳು ಕೇಳಿದ ಪ್ರಶ್ನೆಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ.