ಅಜ್ಜಿಯ ಶ್ರುತಿ ಹಿಡಿದವಳು

ಚನ್ನಗಿರಿಯಲ್ಲಿ ನಾನು ಸಂಗೀತ ಹೇಳಿಕೊಡುವ ಕೋಣೆ ಹಿಟ್ಟಿನ ಗಿರಣಿಗೆ ಅಂಟಿಕೊಂಡಿದೆ. ಗಿರಣಿ ನಿಂತಾಗ ಪಾಠ, ಓಡುವಾಗ ಬೈಗುಳ. ಬೈಯುವುದರಲ್ಲಿ ನಾನು ಜಿಪುಣಿಯಲ್ಲ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು ಎಂದು ಊರೆಲ್ಲ ಹೇಳುತ್ತದೆ, ಅದರಲ್ಲಿ ಸುಳ್ಳೇನಿಲ್ಲ.

ನನ್ನ ಹತ್ತಿರ ಆರು ವರ್ಷದಿಂದ ಹಾರ್ಮೋನಿಯಂ ಕಲಿಯುತ್ತಿದ್ದವಳು ಬಸ್ ನಿಲ್ದಾಣದ ಹಿಂದೆ ರವಿಕೆ ಹೊಲಿಯುವ ಹೆಂಗಸು. ವಯಸ್ಸು ನಲವತ್ತರ ಆಸುಪಾಸು. ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್‌ಪೀಸಿನಿಂದ ಕೀಗಳ ಮೇಲೆ ಸ ರಿ ಗ ಬರೆದುಕೊಂಡೇ ನುಡಿಸುತ್ತಿದ್ದಳು. ಕೈ ಚೆನ್ನಾಗಿತ್ತು, ಕಿವಿ ಇನ್ನೂ ಚೆನ್ನಾಗಿತ್ತು. ಆದರೆ ಬಾಗಿಲಲ್ಲಿ ಯಾರದಾದರೂ ನೆರಳು ಕಂಡರೆ ಸಾಕು, ಕೈ ನಿಂತುಬಿಡುತ್ತಿತ್ತು. ಯಾರಾದರೂ ನುಡಿಸಲು ಕರೆದರೆ ಒಂದೇ ಮಾತು: "ನಾನಿನ್ನೂ ಕಲಿಯಾಕೆ ಬರೋಳು, ಮೇಡಂನ ಕೇಳ್ರಿ."

ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಕೆ ಹೀಗೇ ಉಳಿದರೆ ಒಂದು ದಿನ ಹಾರ್ಮೋನಿಯಂ ಪೆಟ್ಟಿಗೆ ಮುಚ್ಚಿಟ್ಟು ಹೊಲಿಗೆಗೇ ಹೋಗಿಬಿಡುತ್ತಾಳೆ ಎಂಬ ಹೆದರಿಕೆಯೂ ಇತ್ತು. ಹಾಗೆ ಹೋದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಕಳೆದ ವರ್ಷ ಸಂತೇಬೆನ್ನೂರಿನ ಒಂದು ಮನೆಯಲ್ಲಿ ಮಗುವಿಗೆ ಹೆಸರಿಡುವ ಕಾರ್ಯ. ನನ್ನನ್ನು ಹಾಡಲು ಕರೆದಿದ್ದರು. ಹಾರ್ಮೋನಿಯಂಗೆ ನೀನೇ ಬಾ ಎಂದು ಅವಳನ್ನು ಹೊರಡಿಸಿದೆ. ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಪರೀಕ್ಷೆಗೆ ಹೊರಟ ಹುಡುಗಿಯ ಹಾಗೆ ಕೂತಿದ್ದಳು. ನಾನು ನಗಿಸಲು ನೋಡಿದೆ, ನಗಲಿಲ್ಲ.

ನನ್ನ ಎರಡು ಹಾಡಿಗೆ ತೊಂದರೆಯಾಗಲಿಲ್ಲ. ಚಾಕ್‌ಪೀಸಿನ ಗುರುತುಗಳೆಲ್ಲ ನನ್ನ ಶ್ರುತಿಗೇ ಹಾಕಿದ್ದವು. ಆಮೇಲೆ ಮಗುವನ್ನು ತೊಟ್ಟಿಲಿಗೆ ಹಾಕಿದರು. ಆ ಮನೆಯಲ್ಲಿ ಮೊದಲ ಜೋಗುಳ ಹಿರಿಯ ಹೆಂಗಸಿನದು. ಮಗುವಿನ ಮುತ್ತಜ್ಜಿ ಕೂತಲ್ಲೇ ಕಣ್ಣು ಮುಚ್ಚಿ ಶುರು ಮಾಡಿದರು. ಯಾರ ಶ್ರುತಿಯನ್ನೂ ಕೇಳುವವರಲ್ಲ ಅವರು. ಸಾಲದ್ದಕ್ಕೆ ಪ್ರತಿ ನುಡಿಗೂ ದನಿಯನ್ನು ಒಂದು ಮೆಟ್ಟಿಲು ಮೇಲಕ್ಕೆ ಏರಿಸುತ್ತಿದ್ದರು. ಗುರುತುಗಳು ಕೆಲಸಕ್ಕೆ ಬಾರದಾದವು. ಪೆಟ್ಟಿಗೆ ಮುಚ್ಚು ಎಂದು ನಾನು ಕಣ್ಸನ್ನೆ ಮಾಡಿದೆ.

ಅವಳು ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಅಜ್ಜಿಯ ಬಾಯನ್ನೇ ನೋಡುತ್ತಿದ್ದಳು. ಗಾಳಿಯನ್ನು ಮೆಲ್ಲಗೆ ಬಿಟ್ಟುಕೊಂಡು ಒಂದೇ ಬೆರಳಲ್ಲಿ ಹುಡುಕಿದಳು. ಒಂದು ಕೀ ತಪ್ಪಾಯಿತು, ಇನ್ನೊಂದೂ ತಪ್ಪಾಯಿತು, ಸೊಸೆಯಂದಿರು ಮುಖ ಮುಖ ನೋಡಿಕೊಂಡರು. ನಾನು ಸೆರಗು ಕಚ್ಚಿಕೊಂಡೆ. ಎರಡನೇ ನುಡಿಯ ಹೊತ್ತಿಗೆ ಸಿಕ್ಕಿತು. ಮೂರನೆಯದಕ್ಕೆ ಅಜ್ಜಿ ಏರಿಸಿದರು, ಇವಳೂ ಏರಿದಳು. ಅಜ್ಜಿ ಕಣ್ಣು ತೆರೆದು ಇವಳನ್ನು ನೋಡಿ, ಬೊಚ್ಚು ಬಾಯಲ್ಲಿ ನಕ್ಕು, ಹಾಡನ್ನು ಇನ್ನಷ್ಟು ಬೆಳೆಸಿದರು. ಮಗು ಯಾವಾಗಲೋ ನಿದ್ದೆ ಹೋಗಿತ್ತು. ಆದರೂ ಇಬ್ಬರೂ ನಿಲ್ಲಿಸಲಿಲ್ಲ.

ತಾಂಬೂಲದ ತಟ್ಟೆ ಹಿಡಿದು ಮನೆಯ ಸೊಸೆ ನನ್ನ ಹತ್ತಿರ ಬಂದಳು. ಇವಳು ಆಗಲೇ ಪೆಟ್ಟಿಗೆ ಬಿಟ್ಟು ಹಿಂದೆ ಸರಿದು ಕೂತಿದ್ದಳು.

"ಇವರು ನಿಮ್ಮ ಶಿಷ್ಯೇನ್ರಿ?"

ಹೂಂ, ಇನ್ನೂ ಕಲೀತಿದಾಳೆ ಎನ್ನುವ ಮಾತು ನನ್ನ ನಾಲಿಗೆಯ ತುದಿಗೇ ಬಂದಿತ್ತು. ಎದುರಿಗೆ ಹೊಗಳಿದರೆ ತಲೆ ತಿರುಗುತ್ತದೆಂದು ಆರು ವರ್ಷ ಊರವರಿಗೆಲ್ಲ ಹಾಗೇ ಹೇಳುತ್ತಾ ಬಂದವಳು ನಾನು. ಅವಳು ಎಲ್ಲರ ಮುಂದೆ ಹೇಳುತ್ತಿದ್ದುದು ನನ್ನದೇ ಮಾತು ಎಂದು ಆ ಗಳಿಗೆಯಲ್ಲಿ ಹೊಳೆಯಿತು, ನಾಚಿಕೆಯಾಯಿತು.

"ಇವರು ಹಾರ್ಮೋನಿಯಂ ನುಡಿಸೋರು. ಮೊದಲು ಅವರಿಗೆ ಕೊಡ್ರಿ," ಎಂದೆ.

ಅವಳು ನನ್ನನ್ನು ನೋಡಿದಳು, ಸೆರಗಿಗೆ ಕೈ ಒರೆಸಿಕೊಂಡು ತಾಂಬೂಲ ತೆಗೆದುಕೊಂಡಳು.

ಊಟವಾದ ಮೇಲೆ ಹೊರಡುವಾಗ ಮುತ್ತಜ್ಜಿ ಅವಳನ್ನು ಹತ್ತಿರ ಕರೆದರು. "ಮುಂದಿನ ತಿಂಗಳು ನನ್ನ ತಂಗಿ ಮನ್ಯಾಗೂ ತೊಟ್ಟಿಲ ಕಾರ್ಯ ಐತೆ. ನುಡಿಸಾಕೆ ಬರ್ತೀಯೇನವ್ವ?"

ಇನ್ನು ಅವಳು ಮೇಡಂನ ಕೇಳ್ರಿ ಎಂದು ನನ್ನ ಕಡೆ ತಿರುಗುತ್ತಾಳೆ ಎಂದುಕೊಂಡು ನಾನು ಬೇಕೆಂದೇ ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿದೆ.

"ಬರ್ತೀನ್ರಿ ಅಜ್ಜಿ," ಎಂದಳು. "ಆದ್ರೆ ಹಿಂದಿನ ದಿನಾನೇ ಬರ್ತೀನಿ. ನೀವು ಒಂದ್ಸಲ ನನ್ನ ಮುಂದೆ ಹಾಡ್ಬೇಕು. ಹಂಗಾದ್ರೆ ಮಾತ್ರ."

ಕಾರ್ಯಕ್ರಮಕ್ಕೆ ಕರೆದವರಿಗೆಲ್ಲ ಷರತ್ತು ಹಾಕುವುದು ಇಷ್ಟು ದಿನ ನನ್ನೊಬ್ಬಳ ಗರ್ವವಾಗಿತ್ತು. ಆಗಲಿ ಎಂದು ಅಜ್ಜಿ ತಲೆಯಾಡಿಸಿದರು. ನನ್ನನ್ನು ಇಬ್ಬರೂ ಒಂದು ಮಾತೂ ಕೇಳಲಿಲ್ಲ. ಬಗ್ಗಿದಲ್ಲೇ ನಾನು ಕಣ್ಣು ಒರೆಸಿಕೊಂಡೆ.