ಸಮಕ್ಕೆ ಬಾರದ ನತ್ತಿಂಗ

ಧಾರವಾಡದಲ್ಲಿ ಯಾರ ಮನೆಯಲ್ಲಿ ಗಾಯನವಿದ್ದರೂ ಅಪ್ಪ ಮೊದಲ ಸಾಲಿನಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ತಾವು ಒಂದು ಸ್ವರವನ್ನೂ ಕಲಿತವರಲ್ಲ. ಆದರೆ ಗಾಯಕರು ತಾಳದ ಮೊದಲ ಪೆಟ್ಟಿಗೆ, ಅಂದರೆ ಸಮಕ್ಕೆ, ಸರಿಯಾಗಿ ಬಂದು ಮುಟ್ಟದಿದ್ದರೆ ಎದ್ದು ಹೊರಟೇಬಿಡುವವರು.

ನಾನು ಕಾಲೇಜಿನಲ್ಲಿದ್ದಾಗ ಒಂದು ಮುಸ್ಸಂಜೆ ಇಬ್ಬರೂ ಮುಗದ ಊರಿನ ಹಾದಿಯಲ್ಲಿ ತಿರುಗಾಡಲು ಹೋಗಿದ್ದೆವು. ಹತ್ತಿರದಲ್ಲೇ ಎಲ್ಲೋ ನತ್ತಿಂಗ ಹಕ್ಕಿ ‘ಚಕ್ ಚಕ್ ಚಕ್’ ಎಂದು ಕೂಗತೊಡಗಿತು. ಅಪ್ಪನ ಕೈ ತಾನಾಗಿ ತೊಡೆಗೆ ಹೋಯಿತು. ತಾಳ ಹಾಕುತ್ತ, ಗಾಯಕನನ್ನು ಮರದ ಮೇಲೆ ಹುಡುಕುತ್ತ ಮುಂದೆ ನಡೆದರು. ಒಣಗಿದ ಎಲೆಯ ಬಣ್ಣದ ಆ ಹಕ್ಕಿ ಕೂತಿದ್ದದ್ದು ಹಾದಿಯ ಧೂಳಿನಲ್ಲಿ. ಸಮ ಬರಲು ಇನ್ನೊಂದೇ ಮಾತ್ರೆ ಉಳಿದಿತ್ತು. ಅಷ್ಟರಲ್ಲಿ ಅಪ್ಪನ ಚಪ್ಪಲಿ ಬಂತು. ಹಕ್ಕಿ ಹಾಡು ನಿಲ್ಲಿಸಿ ಹಾರಿಹೋಯಿತು.

“ನಡಿ ಮನಿಗೆ,” ಎಂದರು ಅಪ್ಪ.

“ಯಾಕ್ರಿ, ಇಷ್ಟ ಲಗೂ ಬಂದ್ರಿ?” ಎಂದು ಅವ್ವ ಕೇಳಿದಳು.

“ಹಾದ್ಯಾಗ ಒಂದು ಹಕ್ಕಿ ಹಾಡ್ಲಿಕ್ಕತ್ತಿತ್ತು,” ಎಂದರು ಅಪ್ಪ, ಚಪ್ಪಲಿ ಬಿಡುತ್ತ. “ತಯಾರಿ ಛಲೋ ಅದ ಖರೇ, ಗುರುವಿನ ಮುಂದ ಕೂತು ಕಲ್ತಿಲ್ಲ.”