ಕೆನಡಾದ ಅಜ್ಜಿ

ಹಳೇಬೀಡಿನಲ್ಲಿ ನಾನು ಗೈಡ್. ಇಲ್ಲಿಗೆ ಬರಲಾಗದವರಿಗೆ ಒಂದು ವಿದೇಶಿ ಆಪ್ ಮೂಲಕ ಮೊಬೈಲಿನ ವಿಡಿಯೋ ಕಾಲ್‌ನಲ್ಲೇ ದೇವಸ್ಥಾನ ತೋರಿಸುತ್ತಿದ್ದೆ. ಕೆನಡಾದ ಒಬ್ಬ ಅಜ್ಜಿ ಮಲಗಿದ್ದಲ್ಲಿಂದಲೇ ವಾರವಾರ ನೋಡುತ್ತಿದ್ದರು. ಶಿಲ್ಪಗಳಿಗಿಂತ ಅವರಿಗೆ ಅಂಗಳ ಗುಡಿಸುವ ಗೌರಮ್ಮನೇ ಇಷ್ಟ. ಇಬ್ಬರೂ ಒಬ್ಬರಿಗೊಬ್ಬರು ಕೈ ಬೀಸಿ ನಗುತ್ತಿದ್ದರು. ಗಿರಾಕಿಯ ಫೋನ್ ನಂಬರ್ ಕೇಳಬಾರದೆಂದು ಆಪ್‌ನವರ ನಿಯಮವಿತ್ತು.

ಹೋದ ತಿಂಗಳು ಕಂಪನಿ ಇದ್ದಕ್ಕಿದ್ದಂತೆ ನಮ್ಮ ದೇಶದಲ್ಲಿ ಕೆಲಸ ನಿಲ್ಲಿಸಿತು. ಅಜ್ಜಿಗೆ ಒಂದು ಮಾತು ಹೇಳುವುದಕ್ಕೂ ಆಗಲಿಲ್ಲ.

"ಆವಮ್ಮ ಯಾಕ್ರೀ ಕಾಣ್ತಿಲ್ಲ? ಹುಷಾರಿಲ್ವಾ?" ಗೌರಮ್ಮ ಕೇಳಿದರು.

"ಗೊತ್ತಿಲ್ಲ ಗೌರಮ್ಮ. ಆಪ್ ನಿಂತೋಯ್ತು."

"ಹಂಗಾದ್ರೆ ನೀವೇ ಒಂದು ಫೋನ್ ಮಾಡ್ರೀ."

"ನಂಬರ್ ಇಲ್ಲ."

"ಇಷ್ಟು ದಿನ ಮಾತಾಡಿ ನಂಬರ್ ಇಸ್ಕೊಳ್ಲಿಲ್ವಾ?" ಅವರು ಪೊರಕೆ ಹಿಡಿದು ನನ್ನನ್ನೇ ನೋಡುತ್ತಾ ನಿಂತರು.

ಸಂಜೆ ಕಂಪನಿಯಿಂದ ಕೊನೆಯದೊಂದು ಸಂದೇಶ ಬಂತು. ನಮ್ಮ ಜೊತೆಗಿನ ಅನುಭವಕ್ಕೆ ಎಷ್ಟು ಸ್ಟಾರ್ ಕೊಡುತ್ತೀರಿ ಎಂದು ಕೇಳಿದ್ದರು.